ಸ್ವಂತ ಪುಸ್ತಕ ಅಚ್ಚಿಗೆ ಕೊಡುವ ಮುನ್ನ

ಗೆಳೆಯರೇ, ಮೈಸೂರು, ಮಂಡ್ಯದ ಪ್ರೆಸ್‌ಗಳಿಗೆ ಹಸ್ತಪ್ರತಿ ಒಯ್ಯುವವರ ಗಮನಕ್ಕೆ. ನೂರಿನ್ನೂರು ಪ್ರತಿ ಸಾಕೆಂದರೆ ಡಿಜಿಟಲ್. ಐನೂರು ದಾಟಿದರೆ ಆಫ್‌ಸೆಟ್, ಅಂದರೆ ಪ್ಲೇಟ್ (ಅಚ್ಚಿನ ತಗಡು) ಮಾಡಿ ಮುದ್ರಿಸುವ ವಿಧಾನ; ಪ್ಲೇಟಿನ ಖರ್ಚು ಆಗ ಎಲ್ಲ ಪ್ರತಿಗಳಿಗೂ ಹಂಚಿಹೋಗುತ್ತದೆ. ಪುಸ್ತಕಕ್ಕೆ ಸಾಮಾನ್ಯವಾದ ಡೆಮಿ 1/8 ಅಳತೆ, ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಮ್ಯಾಪ್‌ಲಿಥೊ ಕಾಗದ ಸಾಕು. ಆಫ್‌ಸೆಟ್ಟಿನಲ್ಲಿ 16 ಪುಟಕ್ಕೊಂದು ಫಾರಂ, ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು. 162 ಪುಟವಾದರೆ ಎರಡೇ ಪುಟಕ್ಕಾಗಿ ಇನ್ನೊಂದು ಫಾರಂ ಏಳುತ್ತದೆ. ಮುನ್ನುಡಿ ಮೊಟಕು ಮಾಡಿ, ಓದುಗರೇನೂ ಬೇಸರಿಸುವುದಿಲ್ಲ.

ಹೆಚ್ಚು ಕೆಡುವುದು ಅಕ್ಷರ. ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದಾಗ ಅರ್ಕಾವೊತ್ತು, ಒತ್ತಕ್ಷರ ಪಲ್ಲಟವಾಗಬಹುದು. ಹಾಗಾಗಿ ಕೊನೆಯ ಕರಡು ತಿದ್ದುವುದು ಬದಲಿಸಿದ ಮೇಲೆಯೇ. ವರ್ಡ್ ಕಡತ ಬೇಡ, ಫಾಂಟ್ ಎಂಬೆಡ್ ಆದ (ಅಕ್ಷರಶೈಲಿ ಕಡತದೊಳಗೇ ಸೇರಿರುವ) ಪಿಡಿಎಫ್ ಕೊಡಿ. ಮುಖಪುಟದ ವಿನ್ಯಾಸ ಪುಸ್ತಕದ ಬೆನ್ನಿನ ಅಗಲ ಗೊತ್ತಾದ ಮೇಲೆ.

ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಉಚಿತ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲಿನಲ್ಲಿ ನೀವೇ ಅರ್ಜಿ ಹಾಕಿ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.