ಹೊಸ್ತಿಲಲ್ಲೇ ನಿಂತಿದ್ದ ಮಗಳಿಗೆ

ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು "ಅಮ್ಮ, ನಿನಗೆ ಸಾಯೋಕೆ ಹೆದರಿಕೆ ಆಗಲ್ವಾ?" ಅಂತ ಕೇಳಿದೆ. ನಾನು ಸುಮ್ನೆ "ಊಟ ಆಯ್ತಾ" ಅಂತ ಮಾತು ತಿರುಗಿಸಿಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ಅಜ್ಜಿ ತೀರಿಕೊಂಡ ದಿನ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದಾಗ ನೀನು ಹೊಸ್ತಿಲು ದಾಟಿ ಒಳಗೆ ಬರಲೇ ಇಲ್ಲ. ಅವರ ತೊಡೆಯ ಮೇಲೆ ಮಲಗಿ ಬೆಳೆದವಳು, ಮುಟ್ಟೋಕೂ ಆಗಲಿಲ್ಲವಲ್ಲ ಅಂತ ಈಗಲೂ ಕೊರಗುತ್ತಿದ್ದೀಯ, ನನಗೆ ಗೊತ್ತು. ಕೊರಗಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಇದ್ದೆ. ನಮ್ಮ ಓಣಿಯಲ್ಲಿ ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಕೇಳಿದರೆ ಸಾಕು, ನನ್ನ ಅವ್ವ ನಮ್ಮನ್ನೆಲ್ಲ ಒಳಗೆ ಎಳೆದು ಬಾಗಿಲು ಹಾಕುತ್ತಿದ್ದಳು. ಹೊರಗೆ ಏನು ಹೋಗುತ್ತಿದೆ ಅಂತ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಹೆದರಿಕೆ ಬೆಳೆದದ್ದು ಆ ಬಾಗಿಲ ಹಿಂದೆಯೇ.

ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮಜ್ಜಿ ಒಂದು ದಿನ ಕರೆದು ಟ್ರಂಕ್ ತೆಗೆದು ತೋರಿಸಿದರು. ಮಡಿಕೆ ಮುರಿಯದ ಇಳಕಲ್ ಸೀರೆ, ನಾಲ್ಕು ವಿಭೂತಿ ಗಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿದ ದುಡ್ಡು. "ನನ್ನ ಮಣ್ಣಿಗೆ ಇಟ್ಟೀನಿ, ಆಗ ನೀವು ಓಡಾಡಬ್ಯಾಡ್ರಿ" ಅಂದರು. ರೇಷನ್ ಕಾರ್ಡ್ ಎಲ್ಲಿದೆ ಅಂತ ಹೇಳಿದ ಹಾಗೆ! ನಾನು ಅಳೋಕೆ ಶುರು ಮಾಡಿದೆ. ಕುಣಿ, ಕತ್ತಲೆ, ಮೇಲೆ ಬೀಳುವ ಮಣ್ಣು, ನಿನ್ನನ್ನು ಕಾಡುತ್ತಿರುವುದೆಲ್ಲ ನನ್ನನ್ನೂ ಕಾಡಿತ್ತು, ಅದನ್ನೇ ಹೇಳಿದೆ. ಅವರು ನಕ್ಕರು. "ಹಗೇವಿನಾಗ ಜೋಳ ಇಡಾಕ ಹೆದರ್ತೀವೇನು? ಮಣ್ಣಾಗ ಉಣ್ಣೋ ಕಾಳು ಇಡ್ತೀವಿ, ನಮ್ಮನ್ನ ಇಡಾಕ ಯಾಕ ಹೆದರಬೇಕು?" ಅಂತ ಹೇಳಿ ರೊಟ್ಟಿ ಬಡಿಯೋಕೆ ಹೋದರು.

ನಿನ್ನ ಗೆಳತಿ ಸೂತಕ ಎಷ್ಟು ದಿನ ಅಂತ ಕೇಳಿದಳು ಅಂದೆಯಲ್ಲ. ನಮ್ಮ ಲಿಂಗಾಯತರಲ್ಲಿ ಸೂತಕ ಇಲ್ಲ ಅಂತ ಹೇಳು. 12ನೇ ಶತಮಾನದಲ್ಲೇ ಶರಣರು ಐದೂ ಸೂತಕಗಳನ್ನು ಬೇಡ ಅಂದರು. ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ನನಗೆ ಇದು ತುಂಬಾ ದೊಡ್ಡ ಮಾತು. ಸಾವು ಮೈಲಿಗೆಯೇ ಅಲ್ಲ ಅಂದಮೇಲೆ, ಸತ್ತವರು ನಮ್ಮವರಾಗಿಯೇ ಉಳಿಯುತ್ತಾರೆ. ಅದಕ್ಕೇ ಅಜ್ಜಿಯನ್ನು ಮಲಗಿಸಲಿಲ್ಲ, ಪೂಜೆಗೆ ಕೂತವರ ಹಾಗೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ರಾತ್ರಿಯೆಲ್ಲ ಭಜನೆ ಮಾಡಿದೆವು. ಜೀವನವಿಡೀ ಪೂಜೆ ಮಾಡಿದ ಇಷ್ಟಲಿಂಗ ಎಡ ಅಂಗೈಯಲ್ಲೇ ಇತ್ತು. ಮರಣವೇ ಮಹಾನವಮಿ ಅನ್ನುವ ಮಾತನ್ನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೆ. ಅವತ್ತು ಬೆಳಗಿನ ಜಾವ, ಭಜನೆಯವರ ಗಂಟಲು ಬಿದ್ದುಹೋಗಿದ್ದರೂ ತಾಳ ನಿಲ್ಲದಿದ್ದಾಗ, ಆ ಮಾತು ನನಗೆ ಅರ್ಥವಾಯಿತು.

ಇನ್ನೊಂದು ವಿಷಯ. ನಮ್ಮ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ದೇಶ್ವರ ಸ್ವಾಮೀಜಿ ಹೋದದ್ದು 2023ರ ಜನವರಿ 2ರಂದು. ಮರುದಿನವೆಲ್ಲ ಅಜ್ಜಿ ಟಿವಿ ಮುಂದಿನಿಂದ ಏಳಲಿಲ್ಲ. ಜೇಬಿಲ್ಲದ ಅಂಗಿ ಹಾಕಿಕೊಂಡೇ ಬದುಕಿದವರು ಅವರು, ಪದ್ಮಶ್ರೀ ಬಂದಾಗಲೂ ಬೇಡ ಅಂದವರು. ತಾವು ಹೋದಮೇಲೆ ಏನು ಮಾಡಬೇಕು ಅಂತ 2014ರಲ್ಲೇ ಬರೆದಿಟ್ಟಿದ್ದರು. ಹೂಳಬೇಡಿ, ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ. ಮಠದ ಸ್ವಾಮಿಗಳೆಂದರೆ ಹೂಳಿದ ಜಾಗದಲ್ಲಿ ಗದ್ದುಗೆ ಇದ್ದೇ ಇರಬೇಕು ಅನ್ನುವ ನಾಡಿನಲ್ಲಿ ಹೀಗೆ ಬರೆಯೋದು ಸಣ್ಣ ಮಾತಲ್ಲ. ಅಜ್ಜಿ ಕಣ್ಣು ಒರೆಸಿಕೊಂಡು "ಬಯಲಾದ್ರು ನೋಡು" ಅಂದರು.

ಬಯಲಾಗೋದು ಅಂದರೆ ಇಲ್ಲವಾಗೋದು ಅಂತಲೇ ನಾನು ತಿಳಿದಿದ್ದೆ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ನಿಂತು ನೋಡಿದ್ದೀಯಲ್ಲ? ಬೆಳೆ ಇದ್ದಾಗ ಪಕ್ಕದ ಹೊಲವೇ ಕಾಣಲ್ಲ, ಎಲ್ಲ ಕೊಯ್ದ ಮೇಲೆ ಡೋಣಿ ನದಿಯ ದಡದ ತನಕ ಒಂದೇ ಬಯಲು. ಅಜ್ಜಿ ಈಗ ಹಾಗೇ ಇದ್ದಾರೆ ಅಂತ ನಾನು ನಂಬುತ್ತೇನೆ. ಪೂಜೆಗೆ ಕೂತಾಗ ಒಮ್ಮೊಮ್ಮೆ ನನ್ನ ಬೇಲಿಯೂ ಸ್ವಲ್ಪ ಹೊತ್ತು ಕಾಣದಂತಾಗುತ್ತದೆ. ಆಗ ಹೆದರಿಕೆ ಇರುವುದಿಲ್ಲ.

ಎದ್ದ ಮೇಲೆ ಇರುತ್ತದೆ. ನಿನಗೆ ಸುಳ್ಳು ಹೇಳಲ್ಲ. ಸಾಯೋದಕ್ಕಲ್ಲ, ನಿನ್ನನ್ನು ಬಿಟ್ಟು ಹೋಗೋದಕ್ಕೆ. ಆದರೆ ಆ ಹೆದರಿಕೆಯನ್ನು ನಾನು ಓಡಿಸೋಕೆ ಹೋಗಲ್ಲ, ಅದು ನಿನ್ನ ಮೇಲಿನ ಜೀವ. ಅದು ಜಾಸ್ತಿಯಾದ ದಿನ ನಿನಗೆ ಫೋನ್ ಮಾಡುತ್ತೇನೆ, ಅಷ್ಟೇ.

ಶ್ರಾವಣಕ್ಕೆ ಬರ್ತೀಯಲ್ಲ? ಹೊಲದಲ್ಲಿ ಅಜ್ಜಿಯ ಹತ್ತಿರ ನಿಮ್ಮಪ್ಪ ಒಂದು ಬಿಲ್ವದ ಸಸಿ ನೆಟ್ಟಿದ್ದಾರೆ. ನೀರು ಹಾಕೋಕೆ ನನ್ನ ಜೊತೆ ಬಾ. ಹೆದರಿಕೆ ಆದರೆ ಬದುವಿನ ಮೇಲೇ ನಿಂತಿರು, ನಾನೊಬ್ಬಳೇ ಹೋಗಿ ಹಾಕಿ ಬರುತ್ತೇನೆ.

ನಿನ್ನ
ಅಮ್ಮ