ಸೌತೆಕಾಯಿ ಎಸೆಯುವವರ ನಾಟಕಕಾರ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಗೊಣಗಿದೆಯಲ್ಲ, ಬರೋಕ್ ಕಾಲದ, ಅಂದರೆ 1600ರ ಆಸುಪಾಸಿನ ಯುರೋಪಿನ, ಜನರಿಗೆ ಎಂಥ ರುಚಿಯಿತ್ತು, ಈಗ ಎಲ್ಲ ಗಲ್ಲಾಪೆಟ್ಟಿಗೆಯ ಪಾಲಾಯಿತು ಅಂತ. ಅವತ್ತು ಸುಮ್ನೆ ಕೇಳಿಸಿಕೊಂಡೆ. ಆಮೇಲೆ, ಆ ಕಾಲದ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಿನಗೊಂದು ನಾಟಕ ತೋರಿಸಬೇಕಿತ್ತು ಅನ್ನಿಸಿತು.

ಅಲ್ಲಿ ನಾಟಕಶಾಲೆ ಅಂದರೆ ಮನೆಗಳ ನಡುವಿನ ಅಂಗಳ, 'ಕೊರ್ರಾಲ್'. ಕ್ರೂಸ್ ಕೊರ್ರಾಲ್ ಶುರುವಾದದ್ದು 1579ರಲ್ಲಿ, ಪ್ರಿನ್ಸಿಪೆ 1583ರಲ್ಲಿ. ಆಟ ಹಗಲು ಬೆಳಕಿನಲ್ಲೇ. ಬಂದ ದುಡ್ಡಿನಲ್ಲಿ ಒಂದು ಪಾಲು ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಹಾಗಾಗಿ ಪಾದ್ರಿಗಳು ಎಷ್ಟು ಬೈದರೂ ನಾಟಕವನ್ನು ಪೂರ್ತಿ ನಿಲ್ಲಿಸುವುದು ಕಷ್ಟವಿತ್ತು. ಸುತ್ತಲಿನ ಮನೆಗಳ ಕಿಟಕಿಗಳಲ್ಲಿ ಸಿರಿವಂತರು. ಕೆಳಗೆ ನಿಂತೇ ನೋಡುವ ಗಾಂಧಿ ಕ್ಲಾಸು. ಅವರ ಗಲಾಟೆಗೆ 'ಮೊಸ್ಕೆತೇರೋ', ಅಂದರೆ ಬಂದೂಕಿನ ಸಿಪಾಯಿಗಳು ಅಂತಲೇ ಹೆಸರು. ನಾಟಕ ಹಿಡಿಸದಿದ್ದರೆ ಸಿಳ್ಳೆ, ಸೌತೆಕಾಯಿ!

ಹೆಂಗಸರಿಗೆ ವೇದಿಕೆಯ ಎದುರು ಬೇರೆಯೇ ಅಟ್ಟ. ಅದರ ಹೆಸರು 'ಕಸುವೆಲಾ', ಅಡುಗೆ ಮಡಕೆ. ಜಾಸ್ತಿ ಜನ ಬಂದರೆ ಅವರನ್ನು ಒತ್ತಿ ಒತ್ತಿ ಕೂರಿಸಲಿಕ್ಕೆಂದೇ ಒಬ್ಬ ಆಳು ಇರುತ್ತಿದ್ದ. (ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ನೆನಪಾಗಲಿಲ್ವಾ?) ಅವರಿಗೂ ಬೇಜಾರಾದರೆ ಬೀಗದ ಕೈ ಗಲಗಲ ಆಡಿಸುತ್ತಿದ್ದರು.

ಇವರನ್ನೆಲ್ಲ ತನ್ನ ನಾಟಕಗಳಿಂದ ಕಟ್ಟಿಹಾಕಿದವನು ಲೋಪೆ ದೆ ವೇಗಾ. ನಾಟಕ ಬರೆಯುವ ಬಗ್ಗೆ 1609ರಲ್ಲಿ ಅವನದೊಂದು ಪದ್ಯ ಅಚ್ಚಾಯಿತು. ಹಳೆಯ ನಿಯಮಗಳನ್ನೆಲ್ಲ ಆರು ಬೀಗ ಹಾಕಿ ಒಳಗಿಟ್ಟು ಬರೆಯಲು ಕೂರುತ್ತೇನೆ ಅನ್ನುತ್ತಾನೆ. ದುಡ್ಡು ಕೊಡುವವರು ಈ ಜನ, ಅವರಿಗೆ ಹಿಡಿಸುವ ಹಾಗೆ ದಡ್ಡನಂತೆ ಮಾತಾಡುವುದೇ ನ್ಯಾಯ ಅಂತಲೂ ಹೇಳುತ್ತಾನೆ. ಎಷ್ಟು ನಾಚಿಕೆಯಿಲ್ಲದ ಮಾತು ಅಲ್ವಾ? ನನಗಂತೂ ಇಷ್ಟವಾಯಿತು. ಇನ್ನೊಂದು ಕಿವಿಮಾತು ಕೇಳು. ಕಥೆಯ ಗಂಟನ್ನು ಕೊನೆಯ ದೃಶ್ಯದವರೆಗೂ ಬಿಚ್ಚಬೇಡ. ಮುಗಿಯುವುದು ಹೀಗೇ ಅಂತ ಗೊತ್ತಾದರೆ ಸಾಕು, ಮೂರು ಗಂಟೆ ಮುಖ ಕೊಟ್ಟು ಕಾದ ಜನ ಬೆನ್ನು ತಿರುಗಿಸಿ ಬಾಗಿಲ ಕಡೆ ನೋಡುತ್ತಾರೆ. ಆ ಅಂಗಳದಲ್ಲಿ ನಿಂತು ನೋಡಿದವನಿಗೆ ಮಾತ್ರ ಇದು ಹೊಳೆಯುತ್ತದೆ.

ಅಗ್ಗದ ಸರಕು ಅನ್ನುತ್ತೀಯೇನೋ. 1619ರಲ್ಲಿ ಅಚ್ಚಾದ ಅವನದೊಂದು ನಾಟಕದಲ್ಲಿ ಹಳ್ಳಿಯವರೆಲ್ಲ ಸೇರಿ ಕ್ರೂರಿ ಯಜಮಾನನನ್ನು ಕೊಲ್ಲುತ್ತಾರೆ. ನ್ಯಾಯಾಧೀಶ ಬಂದು ಮುದುಕರನ್ನೂ ಹುಡುಗನನ್ನೂ ಹಿಂಸೆ ಕೊಟ್ಟು ಕೇಳುತ್ತಾನೆ, ಕೊಂದವರು ಯಾರು? ಒಬ್ಬರ ಬಾಯಿಂದಲೂ ಹೆಸರು ಬರುವುದಿಲ್ಲ. ಬರುವುದು ಊರಿನ ಹೆಸರೊಂದೇ: ಫುವೆಂತೆಓವೆಹುನಾ. ಇದನ್ನೂ ಅವನು ಬರೆದದ್ದು ಆ ಸೌತೆಕಾಯಿಯವರಿಗೇ ಕಣೋ.

ಇಂತಿ ನಿನ್ನ,
ಗೆಳೆಯ