ಡ್ರ್ಯಾಗನ್ ರಾಣಿಗೆ ಬೆಳಗಿನವರೆಗೆ ಟೈಮ್ ಕೊಡಲಿಲ್ಲ: ಮಗಳಿಗೊಂದು ಪತ್ರ

ನಮ್ಮವ್ವಾ,

ಗೇಮ್ ಆಫ್ ಥ್ರೋನ್ಸ್ ಸೀರಿಯಲ್ ನೋಡಿ ಮುಗಿಸಿದೆಯಂತೆ. ನೀನು ಕಳಿಸಿದ ಆ ಉದ್ದನೆಯ ವಾಯ್ಸ್ ಮೆಸೇಜ್ ಕೇಳಿದೆ. "ಅಷ್ಟು ದಿನ ನೋಡಿದ್ದೆಲ್ಲ ವೇಸ್ಟ್ ಆಯ್ತಪ್ಪಾ" ಅಂತ ಬೈದಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನನ್ನ ಮಾತು ಮುಗಿಸೋಕೆ ಬಿಡಲ್ಲ.

2019ರಲ್ಲಿ ನಿಮ್ಮಣ್ಣನ ಜೊತೆ ಕೂತು ನಾನೂ ನೋಡಿದವನೇ. ಕೊನೇ ಸೀಸನ್ ನಮಗೆ ಸೋಮವಾರ ಬೆಳಿಗ್ಗೆ ಬರುತ್ತಿತ್ತು. ಮೂರನೇ ಎಪಿಸೋಡಿನ ಆ ರಾತ್ರಿ ಯುದ್ಧ ಇದೆಯಲ್ಲ, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಟಿವಿಯಲ್ಲಿ ಏನೂ ಕಾಣಿಸಲಿಲ್ಲ, ಕಿಟಕಿಗೆ ನಿಮ್ಮಮ್ಮನ ಕೌದಿ ಕಟ್ಟಿದರೂ ಅಷ್ಟೇ. ಆಮೇಲೆ ನೋಡಿದರೆ ಊರೂರಿನ ಜನ ಅದೇ ದೂರು ಹೇಳುತ್ತಿದ್ದರು, ಬರೀ ಕತ್ತಲು ಅಂತ.

ಇರಲಿ. ಡ್ರ್ಯಾಗನ್ ರಾಣಿ ಡೆನೇರಿಸ್ ಕೊನೆಗೆ ರಾಜಧಾನಿಯನ್ನೇ ಸುಟ್ಟಳಲ್ಲ, ಅವಳು ಊರು ಸುಡೋಳೇ ಅಲ್ಲ ಅಂತೀಯ. ನಾನು ಒಪ್ಪಲ್ಲ. ಮಿರೀನ್ ಅನ್ನೋ ಊರಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ 163 ಜನ ಯಜಮಾನರನ್ನು ಶಿಲುಬೆಗೆ ಹೊಡೆಸಿದವಳು ಅವಳೇ. ಏಳನೇ ಸೀಸನ್ನಿನಲ್ಲಿ ತಲೆ ಬಾಗಲಿಲ್ಲ ಅಂತ ಅಪ್ಪ ಮಗ ಇಬ್ಬರನ್ನೂ ಸುಟ್ಟಳು. ಸತ್ತವರು ನಮಗೆ ಬೇಡದವರಾಗಿದ್ದರು, ನಾವು ಸುಮ್ನೆ ನೋಡುತ್ತಾ ಕೂತಿದ್ದೆವು. ಹಾಗಾಗಿ ಅವಳು ಸುಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಗಂಟೆ ಬಾರಿಸಿ ಊರೇ ಶರಣಾದ ಮೇಲೆ, ಡ್ರ್ಯಾಗನ್ ಮೇಲೆ ಕೂತು, ಒಂದು ಮಾತೂ ಇಲ್ಲದೆ ಅರೆಗಳಿಗೆಯಲ್ಲಿ ಬೇರೆಯೇ ಹೆಂಗಸಾದಳಲ್ಲ, ಅದಕ್ಕೆ ತಕರಾರು.

ನಮ್ಮ ಸಿರುಗುಪ್ಪ ಕಡೆ ಬಯಲಾಟದಲ್ಲಿ ಕರ್ಣನ ಪ್ರಸಂಗ ಆಡಿದರೆ ಕೊನೆ ಏನು ಅಂತ ಗೊತ್ತಿಲ್ಲದವರು ಯಾರಿರುತ್ತಾರೆ ಹೇಳು? ತೊಡೆ ಮೇಲೆ ಮಲಗಿರೋ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನವರೆಗೂ ಯಾರೂ ಏಳಲ್ಲ. ಕುಂತಿ ಬಂದು ಮಗನೇ ಅನ್ನಬೇಕು, ಅವನು ಭಾಷೆ ಕೊಡಬೇಕು, ಶಲ್ಯ ಸಿಟ್ಟು ಮಾಡಿ ರಥ ಬಿಟ್ಟು ಇಳಿಯಬೇಕು, ಪ್ರತಿಯೊಂದಕ್ಕೂ ಪದ ಇದೆ, ಕುಣಿತ ಇದೆ, ಆಟ ನಡೆಸಿಕೊಡೋ ಸಾರಥಿಯ ಪ್ರಶ್ನೆ ಇದೆ. ಇಷ್ಟೆಲ್ಲ ಆದ ಮೇಲೆ ಚಕ್ರ ಹೂತರೆ ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಹತ್ತು ಗಂಟೆಗೆ ಗಣಪತಿ ಸ್ತುತಿ ಮುಗಿಸಿ ಹತ್ತೂವರೆಗೆ ಕರ್ಣನನ್ನು ಕೆಡವಿದರೆ ಜನ ಮೇಳದವರನ್ನು ಊರು ದಾಟೋಕೆ ಬಿಡುತ್ತಾರಾ!

ಇಲ್ಲಿ ಆಗಿದ್ದು ಅದೇ. ಮೊದಲ ಆರು ಸೀಸನ್ ಹತ್ತತ್ತು ಎಪಿಸೋಡ್, ಆಮೇಲೆ ಏಳು, ಕೊನೆಗೆ ಬರೀ ಆರು. ಶುರುವಿನಲ್ಲಿ ರಾಜ ಉತ್ತರದ ವಿಂಟರ್‌ಫೆಲ್ ಕೋಟೆಗೆ ಬರೋಕೆ ಒಂದು ತಿಂಗಳು ದಾರಿ ಸವೆಸಿದ್ದ. ಕೊನೆಗೆ ಯಾರು ಯಾವಾಗ ಎಲ್ಲಿಗೆ ಬಂದರು ಅಂತಾನೇ ತಿಳಿಯಲ್ಲ. ಮೂಲ ಕಾದಂಬರಿಯ ಐದನೇ ಭಾಗ ಬಂದಿದ್ದು 2011ರಲ್ಲಿ, ಸೀರಿಯಲ್ ಶುರುವಾದ ವರ್ಷವೇ. ಆರನೆಯದು ಇನ್ನೂ ಬಂದಿಲ್ಲ. ಆಧಾರಕ್ಕೆ ಪುಸ್ತಕ ಇರೋ ತನಕ ಮಾತು ಎಷ್ಟು ಚೆಂದ ಇತ್ತು ನೋಡು, ಪುಸ್ತಕ ಮುಗಿದ ಮೇಲೆ ಟಿರಿಯನ್‌ನಂಥ ಮಾತಿನ ಜಾಣನೂ ಪೆದ್ದನಾದ.

ಕೊನೆಗೆ ವಿಂಟರ್‌ಫೆಲ್ ಮನೆತನದ ಹುಡುಗ ಬ್ರ್ಯಾನ್ ರಾಜ ಆಗಿದ್ದಕ್ಕೆ ಮಾತ್ರ ನಿನ್ನ ಜೊತೆ ನಾನೂ ಬೈತೀನಿ. ಐದನೇ ಸೀಸನ್ನಿನಲ್ಲಿ ಆ ಹುಡುಗ ಮುಖಾನೇ ತೋರಿಸಿಲ್ಲ! ಅವನ ಕಥೆಗಿಂತ ಒಳ್ಳೆ ಕಥೆ ಯಾರದಿದೆ ಅಂತ ಕೇಳಿ ಕಿರೀಟ ಕೊಡಿಸುತ್ತಾರೆ, ಪಕ್ಕದಲ್ಲೇ ಅವನ ಅಕ್ಕಂದಿರು ಕೂತಿರುತ್ತಾರೆ.

ಕೊನೇ ಸೀಸನ್ ಮತ್ತೆ ಮಾಡಿ ಅಂತ ಹತ್ತು ಲಕ್ಷಕ್ಕೂ ಜಾಸ್ತಿ ಜನ ಆನ್‌ಲೈನ್‌ನಲ್ಲಿ ಸಹಿ ಹಾಕಿದ್ದರು, ನಿಮ್ಮಣ್ಣನೂ ಹಾಕಿದ. ನಾನು ಹಾಕಲಿಲ್ಲ. ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಂಡವರನ್ನು ಮತ್ತೆ ಕುಣಿಸೋದು ನನಗೆ ಸರಿ ಕಾಣಲಿಲ್ಲ. ಆ ವರ್ಷ ಅದಕ್ಕೇ ಬೆಸ್ಟ್ ಡ್ರಾಮಾ ಅಂತ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು, ಅದು ಬೇರೆ ಮಾತು.

ಆದರೆ ಎಲ್ಲಾ ವೇಸ್ಟ್ ಅನ್ನಬೇಡ. ನಾಲ್ಕನೇ ಸೀಸನ್ನಿನಲ್ಲಿ ಟಿರಿಯನ್ ವಿಚಾರಣೆ ಇದೆಯಲ್ಲ, ಮಾಡದ ಕೊಲೆಗೆ ಕಟಕಟೆಯಲ್ಲಿ ನಿಂತು, ಇಡೀ ದರ್ಬಾರಿಗೇ ಛೀಮಾರಿ ಹಾಕುತ್ತಾನಲ್ಲ, ಅದನ್ನು ಯಾವ ಕೊನೆ ಬಂದು ಕೆಡಿಸುತ್ತೆ? ಹಬ್ಬಕ್ಕೆ ಬಂದಾಗ ಅದೊಂದನ್ನು ಹಾಕು. ಸಬ್‌ಟೈಟಲ್ ಸ್ವಲ್ಪ ದೊಡ್ಡದು ಮಾಡಿಕೊಡು, ನಿಮ್ಮಣ್ಣನಿಗೆ ಹೇಳಿ ಹೇಳಿ ಸಾಕಾಗಿದೆ.

ನಿಮ್ಮಪ್ಪ